ಕೃಷ್ಣನ ಅಡಿಯಲ್ಲಿದ್ದ ರೆಕಾರ್ಡು

ಇದನ್ನು ಹೇಳಿಬಿಡಬೇಕು ಎಂದುಕೊಂಡು ಮುಂದೂಡುತ್ತಲೇ ಬಂದೆ. ಮೊದಲು, ಅಣ್ಣನಿಗೆ ಬೇಸರವಾದೀತು ಎಂದು ಮುಂದೂಡಿದೆ. ಅಣ್ಣ ತೀರಿಕೊಂಡ ಮೇಲೆ, ದುಃಖದ ಮನೆಯಲ್ಲಿ ಇದೆಲ್ಲ ಯಾಕೆ ಎಂದು ಮುಂದೂಡಿದೆ. ಆಮೇಲೆ ನನ್ನ ಮಂಡಿಯ ಆಪರೇಶನ್ ಒಂದು ಮುಗಿಯಲಿ ಎಂದುಕೊಂಡೆ. ಮಂಡಿಗೂ ಬಾಯಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಮಂಡಿ ಸರಿಯಾಯಿತು, ಬಾಯಿ ಹಾಗೆಯೇ ಉಳಿಯಿತು. ಈಗ ಬರೆಯಲು ಕುಳಿತವನು ಕೂಡ ಒಮ್ಮೆ ಎದ್ದು ಕಾಫಿ ಮಾಡಿಕೊಂಡು ಬಂದೆ, ಇನ್ನೊಮ್ಮೆ ಎದ್ದು ತುಳಸಿಗೆ ನೀರು ಹಾಕಿ ಬಂದೆ. ಬೆಳಿಗ್ಗೆಯೇ ಹಾಕಿದ್ದೆ.

ತಪ್ಪು ಯಾರದು ಎನ್ನುವುದರಲ್ಲಿ ನನಗೆ ಗೊಂದಲವಿಲ್ಲ. ನನ್ನದೇ. ಅದು ಯಾರಿಗೆ ಆದದ್ದು ಎನ್ನುವುದರಲ್ಲೇ ಇಷ್ಟು ವರ್ಷ ಗೊಂದಲ.

ಕಳೆದ ತಿಂಗಳು ಅಣ್ಣನ ಮಗಳು ಸ್ಮಿತಾ ನನ್ನನ್ನು ಕಾರಿನಲ್ಲಿ ಪೊಮೊನಾಕ್ಕೆ ಕರೆದುಕೊಂಡು ಹೋಗಿದ್ದಳು. ಹಳೆಯ ಮನೆಗಳನ್ನು ಕೊಂಡವರಿಗೆ ಅವನ್ನು ರಿಪೇರಿ ಮಾಡಿಸಿಕೊಡುವ ಕೆಲಸ ಅವಳದು. ಆದ್ದರಿಂದ ಹಳೆಯ ಬಾಗಿಲು, ಹಳೆಯ ದೀಪ, ತುಕ್ಕು ಹಿಡಿದ ಚಿಲಕ ಇಂಥವನ್ನು ಕಂಡರೆ ಬಂಗಾರದ ಅಂಗಡಿ ಹೊಕ್ಕವರ ಹಾಗೆ ಆಡುತ್ತಾಳೆ. ಹಳೆ ಸಾಮಾನಿನ ಬೀದಿಯಲ್ಲಿ ಅವಳು ಒಂದು ಬಾಗಿಲ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ, ನಾನು ಪಕ್ಕದ ಅಂಗಡಿಯೆದುರು ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟಿದ್ದ ಹಾಡಿನ ರೆಕಾರ್ಡುಗಳನ್ನು ಸುಮ್ಮನೆ ಒಂದೊಂದಾಗಿ ಹಿಂದಕ್ಕೆ ಸರಿಸುತ್ತಿದ್ದೆ. ಒಂದರ ಮುಂದೆ ಕೈ ನಿಂತಿತು.

ನಾಲ್ಕು ಹೆಂಗಸರು. ಕಪ್ಪು ಚರ್ಮದ ಕೋಟು, ಎಣ್ಣೆ ಕಾಣದ ತಲೆ, ಸಾಲ ವಸೂಲಿಗೆ ಬಂದವರ ಹಾಗೆ ದಿಟ್ಟಿಸಿ ನೋಡುವ ಕಣ್ಣು. ಇಂಗ್ಲೆಂಡಿನ ಹೆಣ್ಣುಮಕ್ಕಳ ತಂಡ. ಅವರನ್ನು ಹಿಂದೊಮ್ಮೆ ನೋಡಿದಾಗ ನಾನು ಚಿಕ್ಕವನು, ಅವರು ನನ್ನ ವಯಸ್ಸಿನವರು. ಈಗ ನಾನು ಮುದುಕ, ಅವರು ನನ್ನ ಮೊಮ್ಮಕ್ಕಳ ಹಾಗೆ.

ಅಂಗಡಿಯ ಹುಡುಗಿ, ಮೂಗಿಗೆ ಎರಡು ಕಡೆಯೂ ಮೂಗುತಿ ಚುಚ್ಚಿಸಿಕೊಂಡವಳು, "ಇವರು ಗೊತ್ತಾ ನಿಮಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನಮ್ಮ ಮನೆಯಲ್ಲಿ ಇದ್ದರು," ಎಂದೆ.

ಅವಳು ನನ್ನ ಬೋಳು ತಲೆಯನ್ನೂ ಹಣೆಯ ಮೇಲಿನ ಗಂಧವನ್ನೂ ನೋಡಿ, "ಕೂಲ್" ಎಂದಳು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕಾಪು ಕಡೆಯವನು. ಹೈಸ್ಕೂಲಿನ ಮೇಲೆ ಓದಲಿಲ್ಲ; ಓದಿಸುವವರಿಲ್ಲದೆ ಅಲ್ಲ, ಓದುವವನು ಇರಲಿಲ್ಲ. ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವನು ಯಕ್ಷಗಾನದ ಭಾಗವತರ ಮನೆ ಜಗಲಿಯಲ್ಲಿ ಚೆಂಡೆಯ ಕೋಲು ಹಿಡಿದು ಕುಳಿತಿರುತ್ತಿದ್ದೆ. ಅಣ್ಣ ನನ್ನ ಹಾಗಲ್ಲ, ಇಂಜಿನಿಯರ್ ಆದ. ಮೊದಲು ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಆಮೇಲೆ ಸ್ಯಾನ್ ಡಿಯಾಗೋಕ್ಕೆ ಬಂದ. ಅವನು ಅಪ್ಲೈ ಮಾಡಿದ ಕಾಗದಪತ್ರಗಳ ಬಾಲ ಹಿಡಿದು ನಾನೂ ಅಮೆರಿಕಕ್ಕೆ ಬಂದಿಳಿದೆ. ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ, ಯೂನಿವರ್ಸಿಟಿಯ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಓದದೆ ಬಿಟ್ಟವನು ನಾನು. ಆದರೆ ನಾನು ಪ್ರತಿ ತೆಗೆದ ಪುಸ್ತಕಗಳನ್ನು ಪೇರಿಸಿಟ್ಟಿದ್ದರೆ ಅದೇ ಒಂದು ಯೂನಿವರ್ಸಿಟಿ ಆಗುತ್ತಿತ್ತು. ಕಾಲೇಜು ಹುಡುಗರ ಜೊತೆ ಅಪಾರ್ಟ್‌ಮೆಂಟಿನಲ್ಲಿ ವಾಸ. ಶನಿವಾರ ಬಂತೆಂದರೆ ಬಸ್ಸು ಹತ್ತಿ ಸ್ಯಾನ್ ಡಿಯಾಗೋಕ್ಕೆ, ರ‍್ಯಾಂಚೊ ಪೆನಾಸ್ಕಿಟೋಸ್‌ನಲ್ಲಿದ್ದ ಅಣ್ಣನ ಮನೆಗೆ. ಅಲ್ಲಿ ಅತ್ತಿಗೆಯ ಕೈಯ ಊಟ.

ಅತ್ತಿಗೆ ಮಂಗಳೂರಿನವರು. ಮಾತು ಕಡಿಮೆ. ಅಣ್ಣ ಅವರನ್ನು "ಇವಳೇ" ಎನ್ನುತ್ತಿದ್ದ, ಸ್ಮಿತಾ "ಅಮ್ಮ" ಎನ್ನುತ್ತಿದ್ದಳು, ಕನ್ನಡ ಕೂಟದ ಮಕ್ಕಳು "ಆಂಟಿ" ಎನ್ನುತ್ತಿದ್ದರು. ನನಗೆ ಅವರು ಅತ್ತಿಗೆ. ನನ್ನನ್ನು ಅವರು ವಾಸು ಎಂದು ಹೆಸರು ಹಿಡಿದು, ನೀನು ಎಂದೇ ಕರೆಯುತ್ತಿದ್ದರು. ಆ ಮನೆಯಲ್ಲಿ ನನಗೊಂದು ಉದ್ಯೋಗವಿತ್ತು. ಅಲ್ಲಿ ಏನೇ ಎಡವಟ್ಟಾದರೂ ಅದನ್ನು ಮಾಡಿದವನು ನಾನು ಎಂದು ಒಪ್ಪಿಕೊಳ್ಳುವುದು. ಅಣ್ಣ ಕೆಟ್ಟವನಲ್ಲ, ಆದರೆ ಹೆದರಿಕೆಯ ಮನುಷ್ಯ, ಸಣ್ಣದಕ್ಕೂ ದೊಡ್ಡ ಪಂಚಾಯಿತಿ ಮಾಡುತ್ತಿದ್ದ. ಹಾಲು ಉಕ್ಕಿ ಸೀದರೆ ನಾನು. ಕಾರ್ಪೆಟ್ಟಿನ ಮೇಲೆ ಸಾಂಬಾರು ಚೆಲ್ಲಿದರೆ ನಾನು. ಅತ್ತಿಗೆ ಡ್ರೈವಿಂಗ್ ಕಲಿಯುವಾಗ ಕಾರನ್ನು ಹಿಂದೆ ತೆಗೆಯಲು ಹೋಗಿ ಟಪಾಲು ಪೆಟ್ಟಿಗೆಯ ಕಂಬ ಉರುಳಿಸಿದಾಗಲೂ ನಾನೇ.

"ನೀನಾ? ನಿನಗೆ ಲೈಸೆನ್ಸೇ ಇಲ್ಲ!" ಎಂದ ಅಣ್ಣ.

"ಅದಕ್ಕೇ ಅಲ್ವಾ ಅಣ್ಣ ಗುದ್ದಿದ್ದು?" ಎಂದೆ.

ಅಣ್ಣ ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟ. ನಾನು ಬೈಸಿಕೊಂಡರೆ ಮೈಗೆ ಏನೂ ಹತ್ತುವುದಿಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಏನಾದರೂ ಒಡೆದ ಸದ್ದಾದರೆ ಅತ್ತಿಗೆ ಮಗಳಿಗೆ ಮೆಲ್ಲಗೆ ಹೇಳುವುದನ್ನು ಕೇಳಿದ್ದೇನೆ: "ಹೆದರಬೇಡ, ವಾಸು ಏನಾದ್ರೂ ಹೇಳ್ತಾನೆ."

ಒಂದು ಶನಿವಾರ ಬಸ್ಸು ಬೇಗ ಮುಟ್ಟಿತು. ಅಣ್ಣ ಮನೆಯಲ್ಲಿರಲಿಲ್ಲ. ಗ್ಯಾರೇಜಿನ ಒಳಗಿನಿಂದ ಸದ್ದು. ಪಾತ್ರೆ ಅಂಗಡಿಯ ಮಾಡು ಕುಸಿದು ಬೀಳುತ್ತಿರುವಾಗ ಒಳಗೆ ಸಿಕ್ಕಿಕೊಂಡವರು ಕೂಗಿಕೊಳ್ಳುತ್ತಿರುವಂಥ ಸದ್ದು. ಬಾಗಿಲು ತಳ್ಳಿದೆ. ಅತ್ತಿಗೆ ನೆಲದಲ್ಲಿ ತುರಿಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು. ಅಡುಗೆಮನೆಯ ನುಣುಪು ನೆಲದಲ್ಲಿ ಮಣೆ ಜಾರುತ್ತದೆಂದು ಆ ಮನೆಯಲ್ಲಿ ಕಾಯಿ ತುರಿಯುವ ಜಾಗ ಗ್ಯಾರೇಜು. ಪಕ್ಕದಲ್ಲಿ ಇಂಗ್ಲೆಂಡಿನಿಂದ ತಂದ ಹಳೆಯ ರೆಕಾರ್ಡ್ ಪ್ಲೇಯರು ತಿರುಗುತ್ತಿತ್ತು. ಅತ್ತಿಗೆಯ ಕೈ ಆ ಹಾಡಿನ ತಾಳಕ್ಕೆ ಸರಿಯಾಗಿ ಓಡುತ್ತಿತ್ತು. ಜರ್ ಜರ್ ಜರ್, ಒಂದು ತಿರುವು, ಮತ್ತೆ ಜರ್ ಜರ್.

ನನ್ನನ್ನು ಕಂಡು ಗಾಬರಿಯಲ್ಲಿ ಮುಳ್ಳು ಎತ್ತಿದರು. ಕೈಯ ತೆಂಗಿನ ತುರಿ ರೆಕಾರ್ಡಿನ ಮೇಲೆ ಉದುರಿತು. ಅದನ್ನು ಸೆರಗಿನಿಂದ ಎಷ್ಟು ಮೆತ್ತಗೆ ಒರೆಸಿದರೆಂದರೆ, ಮಗುವಿನ ಬಾಯಿ ಒರೆಸಿದ ಹಾಗೆ.

"ಎಂತ ಅತ್ತಿಗೆ ಇದು?"

"ಹಾಡು ಮಾರಾಯ. ಎಂತ, ನಾನು ಕೇಳಬಾರ್ದಾ?"

ರಟ್ಟಿನ ಹೊದಿಕೆ ನೋಡಿದೆ. ನಾಲ್ವರು. ಅವರು ಹೆಂಗಸರೋ, ಹೆಂಗಸರ ವೇಷ ಹಾಕಿದ ಗಂಡಸರೋ, ಗಂಡಸರ ವೇಷ ಹಾಕಿದ ಹೆಂಗಸರೋ ನನಗೆ ತಿಳಿಯಲಿಲ್ಲ. ಯಕ್ಷಗಾನ ನೋಡಿ ಬೆಳೆದವನಿಗೆ ಮೊದಲು ಬರುವ ಸಂಶಯ ಇದೇ. ಕೇಳಿಯೂಬಿಟ್ಟೆ. ಅತ್ತಿಗೆ ನಕ್ಕರು. ಅವರು ಹಾಗೆ ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಾಯಿ ತುರಿಯುತ್ತಲೇ ಹೇಳಿದರು. ಇಂಗ್ಲೆಂಡಿನಲ್ಲಿ ಇದ್ದಾಗ ಅಣ್ಣನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಸ್ಮಿತಾ ಆಗ ತೊಟ್ಟಿಲಿನಿಂದ ಆಗಷ್ಟೇ ಇಳಿದ ಮಗು, ಅತ್ತರೆ ನಿಲ್ಲುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಬಿಸ್ಕತ್ತು ಫ್ಯಾಕ್ಟರಿಗೆ ಹೋಗುವ ಒಬ್ಬಳು ಹುಡುಗಿ. ಅವಳ ಮನೆಯಿಂದ ಈ ಹಾಡು ಗೋಡೆ ತೂರಿ ಬಂದರೆ ಮಗು ಸುಮ್ಮನಾಗುತ್ತಿತ್ತು. "ನನ್ನ ಜೋಗುಳಕ್ಕೆ ಮಲಗದ ಮಗು ಮಾರಾಯ, ಇದಕ್ಕೆ ಮಲಗ್ತಿತ್ತು!" ಕೊನೆಗೆ ಆ ಹುಡುಗಿ ರೆಕಾರ್ಡನ್ನೇ ಕೊಟ್ಟುಬಿಟ್ಟಳು. ಒಮ್ಮೆ ಅತ್ತಿಗೆಯನ್ನು ಊರಿನ ಟೌನ್‌ಹಾಲಿಗೆ ಕರೆದುಕೊಂಡೂ ಹೋದಳು. ಆ ನಾಲ್ವರು ಹಾಡಲು ಬಂದಿದ್ದರು. ಅತ್ತಿಗೆ ಸೀರೆಯ ಮೇಲೆ ಅಣ್ಣನ ಕೋಟು ಹಾಕಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತಿದ್ದರಂತೆ.

"ಹೇಗಿತ್ತು?"

"ಕಿವಿ ಹೋಯ್ತು." ಇನ್ನೊಂದು ಕಾಯಿ ಹೋಳು ಕೈಗೆತ್ತಿಕೊಂಡು ಹೇಳಿದರು, "ಆಟ ಮುಗಿದ ಮೇಲೆ ಅವರ ಪೆಟ್ಟಿಗೆ, ವಯರು, ಡ್ರಮ್ಮು ಎಲ್ಲ ಅವರೇ ಹೊತ್ತುಕೊಂಡು ಹೋಗಿ ವ್ಯಾನಿಗೆ ಹಾಕಿದ್ರು ವಾಸು. ಯಾರಿಗೂ ಕಾಯ್ಲಿಲ್ಲ. ಆ ನಾಲ್ಕು ಹುಡುಗಿಯರೇ."

ಹಾಡಿಗಿಂತ ಅದೇ ಅವರಿಗೆ ಹೆಚ್ಚು ನೆನಪಿದ್ದಂತಿತ್ತು. ಇನ್ನೊಂದು ಮಾತನ್ನೂ ಹೇಳಿದರು: "ಆ ದೇಶದಲ್ಲಿ ನನ್ನನ್ನು ಹೆಸರು ಹಿಡಿದು ಕರೀತಿದ್ದವಳು ಅವಳೊಬ್ಬಳೇ." ನಾನು ಹೌದಾ ಎಂದೆ. ಆ ಮಾತಿಗೆ ಹೌದಾ ಎಂದು ಮುಗಿಸಿಬಿಟ್ಟ ದಡ್ಡ ನಾನು.

"ನಿನ್ನ ಅಣ್ಣನಿಗೆ ಗೊತ್ತಿಲ್ಲ. ಹೇಳ್ಬೇಡ ಆಯ್ತಾ?"

"ಇಲ್ಲ ಅತ್ತಿಗೆ, ದೇವರಾಣೆ."

ಅಂದಿನಿಂದ ಕಾಯಿ ತುರಿಯುವಾಗ ಗ್ಯಾರೇಜಿನಲ್ಲಿ ನಾನೂ ಹಾಜರು. ಆ ಡ್ರಮ್ಮಿನವಳ ಪೆಟ್ಟು ನನಗೆ ಹಿಡಿಸಿತು. ರಾಕ್ಷಸನ ವೇಷ ರಂಗಕ್ಕೆ ಬರುವಾಗ ಚೆಂಡೆ ಹೇಗೆ ಎದೆಗೇ ಹೊಡೆಯುತ್ತದೋ ಹಾಗೆ. ಈ ಬಗೆಯ ಸಂಗೀತಕ್ಕೆ ಹೆವಿ ಮೆಟಲ್ ಎನ್ನುತ್ತಾರೆಂದು ಅಪಾರ್ಟ್‌ಮೆಂಟಿನ ಹುಡುಗರಿಂದ ತಿಳಿದೆ. ಮೇಜಿನ ಮೇಲೆ ನನ್ನ ಬೆರಳು ಕುಟ್ಟುವುದನ್ನು ಕಂಡು ಅವರು, "ವಾಸಣ್ಣ, ನೀವು ಇದನ್ನೆಲ್ಲ ಕೇಳ್ತೀರಾ?" ಎಂದಾಗ, "ಛೆ, ಇದು ತಾಳಮದ್ದಳೆಯದ್ದು" ಎಂದು ಸುಳ್ಳು ಹೇಳಿದೆ. ನನಗೆ ಇಷ್ಟವಾದದ್ದನ್ನು ಇಷ್ಟ ಎಂದು ಹೇಳಿಕೊಳ್ಳಲು ನಾನು ಯಾಕೆ ಹೆದರಿದೆನೋ ತಿಳಿಯದು. ಬೇರೆಯವರ ತಪ್ಪನ್ನು ನನ್ನದೆನ್ನಲು ಹೆದರದವನು ನನ್ನ ಖುಷಿಯನ್ನು ನನ್ನದೆನ್ನಲು ಹೆದರುತ್ತಿದ್ದೆ.

ನಾರ್ತ್‌ರಿಜ್‌ನ ಭೂಕಂಪವಾಗಿ ಮರುವರ್ಷ. ಸ್ಮಿತಾಗೆ ಪೊಮೊನಾದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಮನೆ ಕಟ್ಟುವ ವಿದ್ಯೆ, ಆರ್ಕಿಟೆಕ್ಚರು. ಹಾಸ್ಟೆಲಿನಲ್ಲಿ ಇರಬೇಕು. ಅಣ್ಣ ತಿಂಗಳುಗಟ್ಟಲೆ ಅಳೆದು ಸುರಿದು, ಕಡೆಗೆ ನನ್ನ ಮುಖ ನೋಡಿ ಒಪ್ಪಿದ್ದ. "ವಾಸು ಎಲ್.ಎ.ಯಲ್ಲೇ ಇದ್ದಾನೆ. ವಾರಕ್ಕೊಮ್ಮೆ ಹೋಗಿ ನೋಡ್ತಾನೆ. ಆಯ್ತು, ಹೋಗು." ಸ್ಮಿತಾ ಆ ದಿನ ನನ್ನನ್ನು ಅಪ್ಪಿಕೊಂಡು, "ಯು ಆರ್ ಮೈ ವೀಸಾ, ಚಿಕ್ಕಪ್ಪಾ!" ಎಂದಿದ್ದಳು. ಅವಳ ಪೆಟ್ಟಿಗೆ ಆಗಲೇ ಅರ್ಧ ತುಂಬಿತ್ತು. ಹೊರಡಲು ಇನ್ನೊಂದು ತಿಂಗಳು.

ಅಷ್ಟರಲ್ಲಿ ಅಷ್ಟಮಿ ಬಂತು. ಉಡುಪಿಯಲ್ಲಿ ಕೃಷ್ಣ ಹುಟ್ಟುವುದು ಚಂದ್ರ ಮೂಡುವಾಗ. ಸ್ಯಾನ್ ಡಿಯಾಗೋದಲ್ಲಿ ಅವನು ಹತ್ತಿರದ ಶನಿವಾರ ಸಂಜೆ, ಎಲ್ಲರಿಗೂ ಮನೆಗೆ ವಾಪಸು ಡ್ರೈವ್ ಮಾಡಲು ಅನುಕೂಲವಾಗುವ ಹೊತ್ತಿಗೆ ಹುಟ್ಟುತ್ತಿದ್ದ. ಆ ವರ್ಷ ಪೂಜೆ ಅಣ್ಣನ ಮನೆಯಲ್ಲಿ. ಮಂಟಪದ ಜವಾಬ್ದಾರಿ ನನ್ನದು. ನನಗೊಂದು ಯೋಚನೆ ಬಂತು: ಕೃಷ್ಣ ತಿರುಗಿದರೆ ಹೇಗೆ? ರೆಕಾರ್ಡ್ ಪ್ಲೇಯರಿನ ಮೇಲೆ ಹಿತ್ತಾಳೆಯ ಕೃಷ್ಣನನ್ನಿಟ್ಟು ಗುಂಡಿ ಒತ್ತಿದರೆ ಆಯಿತು, ಮೆಲ್ಲಗೆ ಸುತ್ತುತ್ತಾನೆ, ನಾಲ್ಕು ದಿಕ್ಕಿನವರಿಗೂ ದರ್ಶನ.

ಪ್ಲೇಯರನ್ನು ಒಳಗೆ ತಂದೆ. ಅತ್ತಿಗೆಯ ರೆಕಾರ್ಡು ಅದರ ಮೇಲೆಯೇ ಇತ್ತು.

"ಅದನ್ನು ತೆಗೆದಿಡು ವಾಸು," ಎಂದರು ಅತ್ತಿಗೆ.

ತೆಗೆಯಲು ಕೈ ಹಾಕಿದೆ. ಆದರೆ ಆ ಕಪ್ಪು ಹೊಳಪು, ಆ ಸುತ್ತು ಸುತ್ತಿನ ಗೆರೆ, ಅದರ ನಡುವೆ ಒಂದು ಕಾಲೆತ್ತಿ ನಿಂತ ಕೃಷ್ಣ. "ಇರಲಿ ಅತ್ತಿಗೆ. ಕಾಳಿಂಗ ಸರ್ಪ ಸುರುಳಿ ಸುತ್ತಿಕೊಂಡ ಹಾಗೆ ಕಾಣ್ತದೆ, ನೋಡಿ! ನಡುವೆ ಚಿಕ್ಕ ಮಣೆ ಇಡ್ತೇನೆ, ಎಂತ ಆಗುದಿಲ್ಲ." ಮುಳ್ಳಿನ ಕೈ ಅಲುಗದಂತೆ ಹೂ ಕಟ್ಟುವ ದಾರದಿಂದ ಬಿಗಿದೆ. ಅತ್ತಿಗೆ ಸ್ವಲ್ಪ ಹೊತ್ತು ನೋಡಿ ಉಂಡೆ ಕಟ್ಟಲು ಹೋದರು.

ಸಂಜೆ ಮನೆ ತುಂಬ ಜನ. ಗುಂಡಿ ಒತ್ತಿದೆ. ಕೃಷ್ಣ ತಿರುಗಿದ. ಏನು ಹೊಗಳಿಕೆ! "ವಾಸು ಮಾಡಿದ್ದಾ? ಇಂಜಿನಿಯರ್ ಅಣ್ಣ ಅಲ್ಲ ಕಣ್ರೀ, ಇವನೇ ಇಂಜಿನಿಯರು!" ನನ್ನ ಜೀವಮಾನದಲ್ಲಿ ಅಣ್ಣನ ಎದುರು ನನ್ನನ್ನು ಹಾಗೆ ಯಾರೂ ಹೊಗಳಿರಲಿಲ್ಲ. ಎದೆ ಉಬ್ಬಿಸಿಕೊಂಡು ಚಕ್ಕುಲಿ ಹಂಚುತ್ತ ತಿರುಗಿದೆ.

ಪೂಜೆಗೆ ಕುಳಿತವರು ಭಟ್ಟಮಾವ. ನಮ್ಮ ಕಡೆಯ ಹಿರಿಯರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಆ ಊರಿನ ಕನ್ನಡದವರ ಮನೆಗಳಿಗೆಲ್ಲ ಅವರೇ ಪುರೋಹಿತರು. ಮಂಗಳಾರತಿಗೆ ತಟ್ಟೆ ಎತ್ತಿದವರು ನಿಲ್ಲಿಸಿ, "ಎಂತದಿದು ದಾರ? ದೇವರ ಎದುರು ನೇತಾಡುದು?" ಎಂದು ಗಂಟೆ ಹಿಡಿದಿದ್ದ ಎಡಗೈಯ ಬೆರಳಿನಿಂದಲೇ ಎಳೆದರು.

ದಾರದ ಜೊತೆ ಮುಳ್ಳಿನ ಕೈಯೂ ಬಂತು. ಬಂದು ರೆಕಾರ್ಡಿನ ಅಂಚಿನ ಮೇಲೆ ಕುಳಿತಿತು.

ಕೃಷ್ಣ ಕೂಗಿದ. ನಾಲ್ಕು ಹೆಂಗಸರ ಗಂಟಲಿನಲ್ಲಿ, ಗಿಟಾರು ಡ್ರಮ್ಮುಗಳ ಸಮೇತ, ತುಳಸಿ ಮಲ್ಲಿಗೆಗಳ ನಡುವೆ ಗರಗರ ತಿರುಗುತ್ತ ಕೂಗಿದ. ಭಟ್ಟಮಾವನ ಕೈಯ ಗಂಟೆ ಹೆದರಿಕೆಗೆ ತಾನಾಗಿ ಬಾರಿಸತೊಡಗಿತು. ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು ಭಜನೆ ಶುರುವಾಯಿತೆಂದುಕೊಂಡು ಚಪ್ಪಾಳೆ ತಟ್ಟಿದರು. ಧಾರವಾಡದ ಸುಮಿತ್ರಾಬಾಯಿ, "ಅಯ್ಯ, ಇದೇನ್ರೀ! ಕೃಷ್ಣಪ್ಪ ಹಿಂಗ್ಯಾಕ ಒದರ್ಲಿಕ್ಕತ್ತಾನ?" ಎಂದು ಕಿವಿ ಮುಚ್ಚಿಕೊಂಡರು. ಮಕ್ಕಳಿಗೆ ಹಬ್ಬ. ಗುಂಡಿ ಎಲ್ಲಿದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಅಣ್ಣ ಬಂದು ಗೋಡೆಯಿಂದ ವಯರನ್ನೇ ಕಿತ್ತ.

ಕೃಷ್ಣ ಇನ್ನೂ ಅರ್ಧ ಸುತ್ತು ತಿರುಗಿ, ಜನರಿಗೆ ಬೆನ್ನು ಹಾಕಿ ನಿಂತ.

ಅಣ್ಣ ಮಣೆ ಎತ್ತಿ ರೆಕಾರ್ಡನ್ನು ಹೊರತೆಗೆದ. ಮಣೆಯ ಕಾಲು ತಾಗಿ ಅದರ ಮೇಲೆ ಬೆಳ್ಳಗೆ ಗೀರು ಎದ್ದಿತ್ತು. "ಯಾರದ್ದಿದು?"

ಎಲ್ಲರ ಕಣ್ಣೂ ಸ್ಮಿತಾಳ ಕಡೆ ತಿರುಗಿತು. ಮನೆಯಲ್ಲಿ ಹದಿಹರೆಯದ ಮಗಳಿರುವಾಗ ಇಂಥ ರೆಕಾರ್ಡು ಬೇರೆ ಯಾರದಿರಲು ಸಾಧ್ಯ? ಸ್ಮಿತಾ ತಾಯಿಯನ್ನು ನೋಡಿದಳು. ಅತ್ತಿಗೆ ಆರತಿಯ ಬತ್ತಿಯ ಬಟ್ಟಲು ಹಿಡಿದು ನಿಂತಿದ್ದವರು ನನ್ನನ್ನು ನೋಡಿದರು. ನಾನು ಚಕ್ಕುಲಿಯ ತಟ್ಟೆಯನ್ನು ನೋಡಿದೆ.

"ಸ್ಮಿತಾ, ನಿಂದಾ?"

"ಯಾ. ಇಟ್ಸ್ ಮೈನ್, ಅಪ್ಪಾ."

"ದೇವರ ಮಂಟಪದಲ್ಲಿ? ಇದಕ್ಕೇನಾ ನಿನಗೆ ಹಾಸ್ಟೆಲ್ ಬೇಕಾದದ್ದು?"

ಮಂಟಪ ಕಟ್ಟಿದವನು ನಾನು ಎಂದು ಆ ಕೋಣೆಯಲ್ಲಿದ್ದವರೆಲ್ಲ ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಹೊಗಳಿದ್ದರು. ಹೊಗಳಿಕೆ ನನ್ನ ಬಳಿ ಉಳಿಯಿತು, ರೆಕಾರ್ಡು ಮಾತ್ರ ಅವಳದಾಯಿತು. ಇದು ಹೇಗೆ ಸಾಧ್ಯವಾಯಿತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಊಟವಾದ ಮೇಲೆ ಎಲೆ ಎತ್ತುವ ಕೆಲಸ. ಮೆಕ್ಸಿಕನ್ನರ ಅಂಗಡಿಯಿಂದ ಬಾಳೆಎಲೆ ತಂದಿದ್ದೆವು. ಹೊರಗಿನ ಕಸದ ಡಬ್ಬಿಯ ಮುಚ್ಚಳವನ್ನು ನಾನು ಎತ್ತಿ ಹಿಡಿದೆ. ಒಳಗೆ ರೆಕಾರ್ಡು ಇತ್ತು, ಅಣ್ಣ ಹಾಕಿದ್ದು. ಅತ್ತಿಗೆ ಎಂಜಲೆಲೆಗಳ ಹೊರೆ ಹಿಡಿದು ಬಂದು ಅದನ್ನು ನೋಡಿದರು. ಬಗ್ಗಿ ತೆಗೆಯುತ್ತಾರೆ ಎಂದುಕೊಂಡೆ. "ಸರಿಯಾಗಿ ಹಿಡಿ," ಎಂದು ಹೇಳಿ ಎಲೆಗಳನ್ನೆಲ್ಲ ಅದರ ಮೇಲೆ ಸುರಿದು ಒಳಗೆ ಹೋದರು. ನಾನು ಮುಚ್ಚಳ ಮುಚ್ಚಿದೆ.

ಮರುದಿನ ಬಸ್‌ ಸ್ಟ್ಯಾಂಡಿಗೆ ಬಿಡಲು ಬರುವಾಗ ಅಣ್ಣ ಕಾರಿನಲ್ಲಿ ಕೇಳಿದ: "ನೀನೇ ಹೇಳು ವಾಸು. ಕಳಿಸ್ಲಾ, ಬೇಡ್ವಾ? ಅಲ್ಲಿ ಅವಳನ್ನು ನೋಡಿಕೊಳ್ಳಬೇಕಾದವ ನೀನು. ನೀನು ಸರಿ ಅಂದ್ರೆ ಕಳಿಸ್ತೇನೆ."

ಈಗಲೂ ಆ ಗಳಿಗೆಯನ್ನು ತಿರುಗಿಸಿ ನೋಡುತ್ತೇನೆ. ನಿಜ ಹೇಳಿದರೆ ಅತ್ತಿಗೆಗೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ಹುಡುಗಿಯ ಹಾಸ್ಟೆಲು ಹೋಗುತ್ತದೆ. ಒಂದು ಕಡೆ ಅಮ್ಮ, ಒಂದು ಕಡೆ ಮಗಳು. ನನ್ನ ತಲೆ ಆ ರೆಕಾರ್ಡಿನ ಹಾಗೆ ತಿರುಗಿತು. ಅಣ್ಣ ನನ್ನನ್ನು ಮೊದಲ ಸಲ ದೊಡ್ಡ ಮನುಷ್ಯನ ಹಾಗೆ ಕೇಳುತ್ತಿದ್ದಾನೆ ಎನ್ನುವುದೂ ತಲೆಯಲ್ಲಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ದೊಡ್ಡ ಮನುಷ್ಯರು ಮಾತಾಡುವ ದನಿಯಲ್ಲೇ ಹೇಳಿದೆ:

"ಒಂದು ವರ್ಷ ನೋಡುವ ಅಣ್ಣ. ಅವಸರ ಎಂತ?"

ಬಸ್ಸು ಓಷನ್‌ಸೈಡ್ ದಾಟಿ, ಎಡಗಡೆ ಸಮುದ್ರ ಕಾಣುವಾಗ ನನಗೆ ಹೊಳೆಯಿತು. ರೆಕಾರ್ಡು ನನ್ನದು ಎಂದರೆ ಆಗುತ್ತಿತ್ತು! ಅಷ್ಟೇ. ಯಾರ ಗುಟ್ಟೂ ಒಡೆಯುತ್ತಿರಲಿಲ್ಲ, ಯಾರ ಪೆಟ್ಟಿಗೆಯೂ ಬಿಚ್ಚಬೇಕಾಗಿರಲಿಲ್ಲ. ಟಪಾಲು ಪೆಟ್ಟಿಗೆ ಉರುಳಿಸಿದವನು, ಹಾಲು ಉಕ್ಕಿಸಿದವನು ನಾನೇ ತಾನೇ? ಅಣ್ಣ ಒಂದು ಗಳಿಗೆ ಬೈದು ನಗುತ್ತಿದ್ದ. ಜೀವಮಾನವಿಡೀ ಅಭ್ಯಾಸ ಮಾಡಿದ ಒಂದೇ ವಿದ್ಯೆ, ಪರೀಕ್ಷೆಯ ದಿನ ನೆನಪಿಗೆ ಬರಲಿಲ್ಲ. ಬಸ್ಸಿನಲ್ಲಿ ಎದ್ದು ನಿಂತೆ. ಡ್ರೈವರು ಕನ್ನಡಿಯಲ್ಲಿ ನೋಡಿ ಕೂತ್ಕೋ ಎಂದು ಕೈ ತೋರಿಸಿದ. ಕೂತೆ. ನಾರ್ತ್‌ರಿಜ್‌ಗೆ ಬಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆ ಹೊತ್ತಿಗೆ ಅದು ನಾಳೆಯ ಕೆಲಸವಾಗಿತ್ತು.

ಸ್ಮಿತಾ ಆ ವರ್ಷ ಮನೆಯ ಹತ್ತಿರದ ಕಾಲೇಜಿಗೆ ಹೋದಳು. ಒಂದು ವರ್ಷ ಎರಡಾಯಿತು. ಪೊಮೊನಾದ ಸೀಟು ಹೋಯಿತು, ಆರ್ಕಿಟೆಕ್ಟ್ ಆಗುವುದು ಅದರ ಜೊತೆಗೇ ಹೋಯಿತು. ಹೊಸ ಮನೆಯ ನಕ್ಷೆ ಬರೆಯಬೇಕಾಗಿದ್ದವಳು ಹಳೆಯ ಮನೆಗಳಿಗೆ ಚಿಲಕ ಹುಡುಕುತ್ತಾಳೆ. ಚೆನ್ನಾಗಿಯೇ ಮಾಡುತ್ತಾಳೆ, ಸಂತೋಷವಾಗಿಯೂ ಇದ್ದಾಳೆ. ಅದೇ ನನಗೆ ಇನ್ನಷ್ಟು ಗೊಂದಲ. ಅವಳು ಅಳುತ್ತಿದ್ದರೆ ನನಗೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು.

ಕಳೆದ ತಿಂಗಳು ಪೊಮೊನಾದಿಂದ ವಾಪಸು ಬರುವಾಗ ಅವಳು, ನಾನು ರೆಕಾರ್ಡು ಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದ ಚೀಲದೊಳಗೆ ಇಣುಕಿದಳು. ಕಾರು ಸ್ವಲ್ಪ ಓಲಾಡಿತು.

"ಓ ಮೈ ಗಾಡ್, ಚಿಕ್ಕಪ್ಪಾ. ಎಲ್ಲಿ ಸಿಕ್ತು?"

ಆಗ ಹೇಳಿದೆ. ಗ್ಯಾರೇಜು, ತುರಿಮಣೆ, ದೇವರಾಣೆ, ಕಾಳಿಂಗ, ಕಾರಿನಲ್ಲಿ ಅಣ್ಣನಿಗೆ ಕೊಟ್ಟ ಉತ್ತರ, ಓಷನ್‌ಸೈಡ್ ಎಲ್ಲ. "ನಿಂದು ಅಲ್ಲದ್ದನ್ನು ನಿಂದು ಅಂದೆಯಲ್ಲ ಮಗಳೇ. ನನ್ನಿಂದ ನಿನ್ನ ಓದು ಹೋಯ್ತು. ತಪ್ಪಾಯ್ತು," ಎಂದೆ.

ಅವಳು ಕಾರನ್ನು ಬಲಗಡೆಯ ಲೇನಿಗೆ ತಂದು ವೇಗ ತಗ್ಗಿಸಿದಳು.

"ಇಟ್ ವಾಸ್ ಮೈನ್, ಚಿಕ್ಕಪ್ಪಾ. ಅದು ಕೇಳಿದ್ರೆ ಈಗ್ಲೂ ನಿದ್ದೆ ಬರತ್ತೆ ನಂಗೆ. ಐ ವಾಸ್ ಮ್ಯಾಡ್ ಅಟ್ ಯು, ಹೌದು. ಫಾರ್ ಅ ಲಾಂಗ್ ಟೈಮ್. ಈಗ ಇಲ್ಲ." ಆಮೇಲೆ, "ಅಮ್ಮಂಗೆ ಹೇಳಿದ್ರಾ?"

"ಅವರಿಗೆ ಎಂತ ಹೇಳುದು? ಅವರ ಗುಟ್ಟು ನಾನು ಬಿಡಲಿಲ್ಲವಲ್ಲ."

ಸ್ಮಿತಾ ನಕ್ಕಳು. ಒಳ್ಳೆಯ ನಗೆಯಲ್ಲ. "ಆವತ್ತು ಅಪ್ಪ ಕೇಳೋಕ್ ಮುಂಚೆ ಅಮ್ಮ ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ? 'ಸುಮ್ಮನಿರು, ವಾಸು ಏನಾದ್ರೂ ಹೇಳ್ತಾನೆ.' ನೀವು ಹೇಳ್ಲಿಲ್ಲ. ಸೋ ಐ ಸೆಡ್ ಇಟ್. ಶಿ ನೆವರ್ ಫರ್ಗೇವ್ ಹರ್ಸೆಲ್ಫ್. ನಾನು ನಿಮ್ಮ ಮೇಲೆ ಸಿಟ್ಟಾಗಬಹುದಿತ್ತು, ಚಿಕ್ಕಪ್ಪಾ. ಅಮ್ಮ ಯಾರ ಮೇಲೆ ಸಿಟ್ಟಾಗಬೇಕು? ಅವರು ಆಮೇಲೆ ಕಾಯಿ ತುರಿಯೋದೇ ಬಿಟ್ರು. ಫ್ರೋಜನ್ ತರ್ತಾರೆ."

ಅದು ನಿಜ. ಆ ಮನೆಯ ಸಾರಿನ ರುಚಿ ಬದಲಾದದ್ದು ನನಗೆ ಗೊತ್ತಾಗಿತ್ತು. ಅತ್ತಿಗೆಗೆ ವಯಸ್ಸಾಯಿತು ಎಂದುಕೊಂಡು ಇಷ್ಟು ವರ್ಷ ಉಂಡೆ.

ರೆಕಾರ್ಡು ಈಗ ನನ್ನ ಮೇಜಿನ ಮೇಲಿದೆ. ಹಾಕಿ ಕೇಳಲು ನನ್ನಲ್ಲಿ ಪ್ಲೇಯರು ಇಲ್ಲ. ಬರುವ ಶನಿವಾರ ಸ್ಮಿತಾ ಸ್ಯಾನ್ ಡಿಯಾಗೋಕ್ಕೆ ಕರೆದುಕೊಂಡು ಹೋಗುತ್ತಾಳೆ. ಕಳೆದ ಭಾನುವಾರ ಫೋನಿನಲ್ಲೇ ಹೇಳಿಬಿಡೋಣ ಎಂದು ಹೊರಟೆ. "ಅತ್ತಿಗೇ," ಎಂದೆ. "ಎಂತ ವಾಸು, ಊಟ ಆಯ್ತಾ? ಮಂಡಿ ಹೇಗುಂಟು?" ಎಂದರು. ಮಂಡಿ ಚೆನ್ನಾಗುಂಟು ಎಂದು ಫೋನ್ ಇಟ್ಟೆ. ಅತ್ತಿಗೆ ಎಂದು ಬಾಯಿ ತೆರೆದರೆ ಊಟವಾಯಿತೇ ಎನ್ನುವುದು ಬರುತ್ತದೆ, ಮುಂದಿನ ಮಾತು ಬರುವುದಿಲ್ಲ. ಅತ್ತಿಗೆ ಆದವರು ಮೈದುನನ ತಪ್ಪನ್ನು ಹೇಳುವ ಮೊದಲೇ ಮನ್ನಿಸಿ ಬಡಿಸಿಬಿಡುತ್ತಾರೆ. ಅಣ್ಣನ ಕೋಟು ಹಾಕಿಕೊಂಡು ಆ ಟೌನ್‌ಹಾಲಿನ ಹಿಂದಿನ ಗೋಡೆಗೆ ಒರಗಿ, ನಾಲ್ಕು ಹುಡುಗಿಯರು ತಮ್ಮ ಪೆಟ್ಟಿಗೆಗಳನ್ನು ತಾವೇ ಹೊತ್ತು ನಡೆಯುವುದನ್ನು ನೋಡುತ್ತ ನಿಂತಿದ್ದವರು ಬೇರೆ. ಅವರನ್ನು ಬಿಸ್ಕತ್ತು ಫ್ಯಾಕ್ಟರಿಯ ಆ ಹುಡುಗಿ ಕರೆಯುತ್ತಿದ್ದ ಹಾಗೆ ನಾನು ಒಮ್ಮೆಯೂ ಕರೆದಿಲ್ಲ. ಶನಿವಾರಕ್ಕೆಂದು ನಿನ್ನೆಯಿಂದ ಗೋಡೆಯೆದುರು ಹೇಳಿ ನೋಡುತ್ತಿದ್ದೇನೆ. ನಾಲಗೆಗೆ ಅಭ್ಯಾಸವಿಲ್ಲ, ತಡವರಿಸುತ್ತದೆ. ಬರೆಯಲು ಮಾತ್ರ ಬರುತ್ತದೆ. ಅವರ ಹೆಸರು ವಾರಿಜ.